ಅಮೆರಿಕದ ಫಿಸಿಕಲ್ ಥೆರಪಿ ಪರವಾನಗಿ ಪರೀಕ್ಷೆಗೆ ಸಿದ್ಧತೆ: ಕನ್ನಡದ ಫಿಸಿಯೋಥೆರಪಿ ಪದವೀಧರರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಫಿಸಿಕಲ್ ಥೆರಪಿಸ್ಟ್ ಆಗಿ ಕೆಲಸ ಮಾಡಬೇಕಾದರೆ, ಪದವಿಯನ್ನು ಯಾವ ದೇಶದಲ್ಲಿ ಪಡೆದಿದ್ದರೂ, ಎನ್‌ಪಿಟಿಇ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆಯನ್ನು ನಡೆಸುವುದು ವರ್ಜೀನಿಯದ ಅಲೆಕ್ಸಾಂಡ್ರಿಯದಲ್ಲಿರುವ ಎಫ್‌ಎಸ್‌ಬಿಪಿಟಿ, ಅಂದರೆ ರಾಜ್ಯಗಳ ಫಿಸಿಕಲ್ ಥೆರಪಿ ಮಂಡಳಿಗಳ ಒಕ್ಕೂಟ. ಪರವಾನಗಿಯನ್ನು ಕೊಡುವುದು ಮಾತ್ರ ಆಯಾ ರಾಜ್ಯದ ಮಂಡಳಿ. ಪ್ರಶ್ನೆಪತ್ರಿಕೆ ದೇಶಕ್ಕೆಲ್ಲ ಒಂದೇ, ಆದರೆ ಪರೀಕ್ಷೆಗೆ ಕೂರುವ ಅರ್ಹತೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಈ ವ್ಯತ್ಯಾಸವನ್ನು ಮೊದಲ ದಿನವೇ ತಿಳಿದುಕೊಂಡವರಿಗೆ ಮುಂದಿನ ಹಾದಿ ಎಷ್ಟೋ ಸಲೀಸು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಬಿಪಿಟಿ ಎಂಬ ಫಿಸಿಯೋಥೆರಪಿ ಪದವಿ ಮುಗಿಸಿ ಉನ್ನತ ವ್ಯಾಸಂಗಕ್ಕೆಂದು ಅಲ್ಲಿಗೆ ಹೋದವರು, ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಪತಿ ಅಥವಾ ಪತ್ನಿಯ ಜೊತೆ ಎಚ್-4 ವೀಸಾದಲ್ಲಿ ಹೋಗಿ ನೆಲೆಸಿದವರು, ಊರಿನಲ್ಲಿ ಆಸ್ಪತ್ರೆಯ ಕೆಲಸ ಮಾಡುತ್ತಲೇ ಅರ್ಜಿ ಹಾಕಿದವರು, ಈ ಮೂರೂ ಬಗೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಲಾಗಿದೆ. ಇವರಲ್ಲಿ ಬಹುತೇಕರಿಗೆ ವಿಷಯಜ್ಞಾನದ ಕೊರತೆ ಇರುವುದಿಲ್ಲ. 'ಸವಿವರವಾಗಿ ವಿವರಿಸಿ' ಎಂಬ ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ ಬರೆದು ಬೆಳೆದ ನಮ್ಮ ಓದಿಗೂ, ರೋಗಿಯ ಎದುರು ನಿಂತಾಗ ಈ ಕ್ಷಣ ಮೊದಲು ಏನು ಮಾಡುತ್ತೀರಿ ಎಂದು ಕೇಳುವ ಈ ಪರೀಕ್ಷೆಗೂ ಇರುವ ಅಂತರವೇ ನಿಜವಾದ ತೊಡಕು. ಹೊಸದಾಗಿ ಓದಬೇಕಾದುದಕ್ಕಿಂತ, ಓದಿದ್ದನ್ನು ನಿರ್ಧಾರವಾಗಿ ಮಾರ್ಪಡಿಸುವ ಅಭ್ಯಾಸಕ್ಕೇ ಹೆಚ್ಚು ಸಮಯ ಮೀಸಲಿಡಬೇಕಾಗುತ್ತದೆ.

ಓದಿಗಿಂತ ಮೊದಲು ಕಡತ

ಪುಸ್ತಕ ತೆರೆಯುವ ಮುನ್ನ ರಾಜ್ಯವನ್ನು ಆರಿಸಿಕೊಳ್ಳಿ. ಹೊರದೇಶದ ಪದವಿ ಅಮೆರಿಕದ ಪದವಿಗೆ ಸಮಾನವೇ ಎಂಬುದನ್ನು ಪರಿಶೀಲಿಸಿದ ವರದಿಯನ್ನು ಮಂಡಳಿಗಳು ಕೇಳುತ್ತವೆ. ಈ ಪರಿಶೀಲನೆಗೆ ಹೆಚ್ಚು ಬಳಕೆಯಲ್ಲಿರುವ ಸಂಸ್ಥೆ ಎಫ್‌ಸಿಸಿಪಿಟಿ. ಅಳತೆಗೋಲು ಸಿಡಬ್ಲ್ಯುಟಿ ಎಂಬ ಪಠ್ಯಕ್ರಮ ಪರಿಶೀಲನಾ ಪಟ್ಟಿ. 2017ರ ನಂತರ ಪದವಿ ಪಡೆದವರಿಗೆ ಅದರ ಆರನೆಯ ಆವೃತ್ತಿ ಅನ್ವಯಿಸುತ್ತದೆ, ಅದಕ್ಕೂ ಹಿಂದಿನವರಿಗೆ ಪದವಿಯ ವರ್ಷಕ್ಕೆ ತಕ್ಕ ಹಳೆಯ ಆವೃತ್ತಿಗಳಿವೆ. ಕೆಲವು ರಾಜ್ಯಗಳು ಪದವಿ ಪಡೆದ ಕಾಲದ ಆವೃತ್ತಿಯನ್ನೇ ಒಪ್ಪುತ್ತವೆ, ಇನ್ನು ಕೆಲವು ಎಲ್ಲರಿಗೂ ಇತ್ತೀಚಿನದನ್ನೇ ಅನ್ವಯಿಸುತ್ತವೆ. 2012ರಲ್ಲಿ ಬಿಪಿಟಿ ಮುಗಿಸಿದ ಒಬ್ಬರೇ ಅಭ್ಯರ್ಥಿ ಒಂದು ರಾಜ್ಯದಲ್ಲಿ ಅರ್ಹರೂ ಇನ್ನೊಂದರಲ್ಲಿ ಅನರ್ಹರೂ ಆಗಬಹುದು. ನೆಂಟರಿರುವ ಊರನ್ನು ನೋಡಿ ರಾಜ್ಯ ಆರಿಸುವುದಕ್ಕಿಂತ ನಿಯಮಾವಳಿಯನ್ನು ನೋಡಿ ಆರಿಸುವುದು ಲೇಸು.

ನಮ್ಮ ನಾಲ್ಕೂವರೆ ವರ್ಷದ ಬಿಪಿಟಿಯಲ್ಲಿ ಸಾಮಾನ್ಯವಾಗಿ ಎರಡು ಕಡೆ ಕೊರತೆ ಕಾಣಿಸಿಕೊಳ್ಳುತ್ತದೆ. ಒಂದು, ಭಾಷೆ, ಸಮಾಜಶಾಸ್ತ್ರ, ಮಾನವಿಕ ವಿಷಯಗಳಂಥ ಸಾಮಾನ್ಯ ಶಿಕ್ಷಣದ ಕ್ರೆಡಿಟ್‌ಗಳು. ಇನ್ನೊಂದು, ವಿಭೇದಕ ರೋಗನಿರ್ಣಯ, ಔಷಧಶಾಸ್ತ್ರ, ಆಡಳಿತ ನಿರ್ವಹಣೆಯಂಥ ವೃತ್ತಿಸಂಬಂಧಿ ವಿಷಯಗಳು. ಮೊದಲನೆಯದನ್ನು ಅನೇಕರು, ತರಗತಿಗೆ ಹೋಗದೆಯೇ ಕಾಲೇಜಿನ ಕ್ರೆಡಿಟ್ ಗಳಿಸಿಕೊಡುವ ಕ್ಲೆಪ್ ಪರೀಕ್ಷೆಗಳ ಮೂಲಕ ತುಂಬಿಕೊಳ್ಳುತ್ತಾರೆ. ಎರಡನೆಯದಕ್ಕೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಟ್ರಾನ್ಸಿಷನಲ್ ಡಿಪಿಟಿ (ಈಗಾಗಲೇ ಫಿಸಿಯೋಥೆರಪಿ ಪದವಿ ಇರುವವರಿಗಾಗಿ ಇರುವ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ ಕೋರ್ಸು) ಸೇರುವುದು ರೂಢಿಯ ದಾರಿ. ಕೋರ್ಸಿಗೆ ಹಣ ಕಟ್ಟುವ ಮೊದಲು, ಅದರ ಕ್ರೆಡಿಟ್‌ಗಳನ್ನು ನೀವು ಆರಿಸಿದ ರಾಜ್ಯ ಪರಿಗಣಿಸುತ್ತದೆಯೇ ಎಂದು ಮಂಡಳಿಗೆ ಇಮೇಲ್ ಬರೆದು, ಲಿಖಿತ ಉತ್ತರವನ್ನು ಇಟ್ಟುಕೊಳ್ಳಿ.

ಹೆಸರಿನ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕರ್ನಾಟಕದವರ ಅರ್ಜಿಗಳು ಸಿಕ್ಕಿಕೊಳ್ಳುವ ಜಾಗ ಇದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಅನಿತಾ ಬಿ. ಎಸ್.' ಎಂದಿರುತ್ತದೆ, ವಿಶ್ವವಿದ್ಯಾಲಯದ ಪದವಿ ಪತ್ರದಲ್ಲೂ ಅದೇ ಮುಂದುವರಿಯುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಬರೆಸಲಾಗುತ್ತದೆ. ಮದುವೆಯ ನಂತರ ಅದು ಗಂಡನ ಹೆಸರಾಗಿ ಮತ್ತೊಮ್ಮೆ ಬದಲಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂಬ ಮೂರಕ್ಷರ (ಮೊದಲ ಹೆಸರು ತಿಳಿದಿಲ್ಲ ಎಂಬುದರ ಹ್ರಸ್ವರೂಪ) ಬಂದು ಕೂರುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಗುರುತಿನ ಚೀಟಿಯ ಹೆಸರು ನೋಂದಣಿಯ ಹೆಸರಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಎಲ್ಲ ಅರ್ಜಿಗಳಲ್ಲೂ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರ ಬಿಡದೆ ಬಳಸಿ, ಹಳೆಯ ದಾಖಲೆಗಳ ಹೆಸರೂ ತಮ್ಮದೇ ಎಂಬ ನೋಟರಿ ಅಫಿಡವಿಟ್ಟನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಟ್ರಾನ್ಸ್‌ಕ್ರಿಪ್ಟ್, ವಿಷಯವಾರು ಗಂಟೆಗಳ ವಿವರ, ಪ್ರಾಯೋಗಿಕ ತರಬೇತಿಯ ಪ್ರಮಾಣಪತ್ರ ಇವೆಲ್ಲವೂ ಕಾಲೇಜು ಮತ್ತು ವಿಶ್ವವಿದ್ಯಾಲಯದಿಂದ ನೇರವಾಗಿ ಹೋಗಬೇಕಾಗುತ್ತವೆ. ಇನ್ನೂ ಊರಿನಲ್ಲೇ ಇರುವವರು ಜಯನಗರದ ವಿಶ್ವವಿದ್ಯಾಲಯದ ಕಚೇರಿಯ ಕೆಲಸವನ್ನು ಹೊರಡುವ ಮುನ್ನವೇ ಮುಗಿಸಿಕೊಂಡರೆ, ಮುಂದೆ ಮನೆಯವರು ನಿಮ್ಮ ಪರವಾಗಿ ಓಡಾಡುವುದು ತಪ್ಪುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದರೂ ಭಾರತದ ಪದವೀಧರರಿಗೆ ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಿಂದ ವಿನಾಯಿತಿ ಇಲ್ಲ. ಅದರಲ್ಲೂ ಮಾತನಾಡುವ ವಿಭಾಗಕ್ಕೆ ನಿಗದಿಯಾದ ಅಂಕವೇ ಹಲವರನ್ನು ಎರಡನೆಯ ಸಲ ಕೂರಿಸುತ್ತದೆ. ಟೋಫೆಲ್ ಮುಗಿಯದೆ ಎನ್‌ಪಿಟಿಇ ಓದನ್ನು ಗಂಭೀರವಾಗಿ ಹಿಡಿಯಬೇಡಿ ಎಂಬುದು ನನ್ನ ಸಲಹೆ. ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಪರೀಕ್ಷೆಯ ಸ್ವರೂಪ

2024ರ ಜನವರಿಯಿಂದ ಎನ್‌ಪಿಟಿಇಯಲ್ಲಿ 225 ಪ್ರಶ್ನೆಗಳಿವೆ. ಇವುಗಳಲ್ಲಿ 180ಕ್ಕೆ ಮಾತ್ರ ಅಂಕ. ಉಳಿದ 45 ಮುಂದಿನ ಪರೀಕ್ಷೆಗಳಿಗಾಗಿ ಪ್ರಾಯೋಗಿಕವಾಗಿ ಸೇರಿಸಿದವು, ಯಾವುವು ಎಂದು ಗುರುತಿಸಲು ಸಾಧ್ಯವಿಲ್ಲ. ಒಟ್ಟು ಅವಧಿ ಐದು ಗಂಟೆ. ಲೆಕ್ಕ ಹಾಕಿದರೆ ಪ್ರತಿ ಪ್ರಶ್ನೆಗೆ ಸಿಗುವುದು 80 ಸೆಕೆಂಡು. ಬಿಡಿ ಪ್ರಶ್ನೆಗಳ ಜೊತೆಗೆ, ಒಬ್ಬನೇ ರೋಗಿಯ ವಿವರ ಕೊಟ್ಟು ಅದರ ಮೇಲೆ ಹಲವು ಪ್ರಶ್ನೆ ಕೇಳುವ ಸನ್ನಿವೇಶ ಆಧಾರಿತ ಗುಂಪುಗಳೂ, ಚಿತ್ರ ಮತ್ತು ಕಿರು ವಿಡಿಯೊ ನೋಡಿ ಉತ್ತರಿಸುವ ಪ್ರಶ್ನೆಗಳೂ ಇರುತ್ತವೆ. ಪರೀಕ್ಷೆ ಐದು ಭಾಗಗಳಲ್ಲಿ ನಡೆಯುತ್ತದೆ. ಒಂದು ಭಾಗವನ್ನು ಮುಗಿಸಿ ಮುಂದಕ್ಕೆ ಹೋದ ಮೇಲೆ ಹಿಂದಿನದನ್ನು ತೆರೆಯಲಾಗದು. ನಡುವೆ 15 ನಿಮಿಷದ ಒಂದು ನಿಗದಿತ ವಿರಾಮ ಇದೆ, ಅದರ ಹೊರತಾಗಿ ಎದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ.

ಅಂಕಗಳ ಶ್ರೇಣಿ 200ರಿಂದ 800, ತೇರ್ಗಡೆಗೆ 600 ಬೇಕು. ಇದು ಶೇಕಡಾವಾರು ಅಲ್ಲ. ಆಯಾ ಪ್ರಶ್ನೆಪತ್ರಿಕೆಯ ಕಾಠಿಣ್ಯಕ್ಕೆ ಅನುಗುಣವಾಗಿ ಸರಿಹೊಂದಿಸಿದ ಅಂಕ. ಪರೀಕ್ಷೆ ವರ್ಷಕ್ಕೆ ನಾಲ್ಕು ಬಾರಿ, ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್‌ನಲ್ಲಿ, ಪ್ರೊಮೆಟ್ರಿಕ್ ಕೇಂದ್ರಗಳಲ್ಲಿ ನಡೆಯುತ್ತದೆ. ಭಾರತದಲ್ಲಿ ಕೇಂದ್ರವಿಲ್ಲ, ಅಮೆರಿಕಕ್ಕೇ ಹೋಗಿ ಬರೆಯಬೇಕು. ಹನ್ನೆರಡು ತಿಂಗಳಲ್ಲಿ ಮೂರಕ್ಕಿಂತ ಹೆಚ್ಚು ಬಾರಿ, ಜೀವಮಾನದಲ್ಲಿ ಆರಕ್ಕಿಂತ ಹೆಚ್ಚು ಬಾರಿ ಬರೆಯುವಂತಿಲ್ಲ. 400 ಅಥವಾ ಅದಕ್ಕಿಂತ ಕಡಿಮೆ ಅಂಕ ಎರಡು ಬಾರಿ ಬಂದರೆ ಮತ್ತೆ ಅವಕಾಶವೇ ಇಲ್ಲ. ಹೀಗಿರುವಾಗ 'ಒಮ್ಮೆ ಬರೆದು ನೋಡೋಣ' ಎಂಬ ಧೋರಣೆಗೆ ಇಲ್ಲಿ ಜಾಗವಿಲ್ಲ.

ಏನನ್ನು ಎಷ್ಟು ಓದಬೇಕು

ಎಫ್‌ಎಸ್‌ಬಿಪಿಟಿ ಪ್ರಕಟಿಸುವ ವಿಷಯಸೂಚಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಸರಿಸುಮಾರು ಅರ್ಧದಷ್ಟು ಪ್ರಶ್ನೆಗಳು ಮೂಳೆ-ಸ್ನಾಯು ಮತ್ತು ನರವ್ಯೂಹ ವಿಭಾಗಗಳಿಂದ ಬರುತ್ತವೆ. ಆನಂತರದ್ದು ಹೃದಯ-ಶ್ವಾಸಕೋಶ. ಚರ್ಮ, ದುಗ್ಧನಾಳ, ಹಾರ್ಮೋನು, ಜೀರ್ಣಾಂಗ, ಮೂತ್ರಾಂಗಗಳಿಗೆ ಸಂಬಂಧಿಸಿದ ಪ್ರಶ್ನೆಗಳು ಬಿಡಿಬಿಡಿಯಾಗಿ ಕಡಿಮೆ ಎನಿಸಿದರೂ ಒಟ್ಟು ಸೇರಿದಾಗ ಅಲಕ್ಷಿಸುವಂತಿಲ್ಲ. ಇವುಗಳ ಜೊತೆಗೆ ಸಲಕರಣೆ, ಸುರಕ್ಷತೆ, ವೃತ್ತಿಜವಾಬ್ದಾರಿ, ಸಂಶೋಧನಾ ವಿಧಾನ ಎಂಬ ಪ್ರತ್ಯೇಕ ವಿಭಾಗಗಳಿವೆ.

ನಮ್ಮವರು ಎಡವುವ ಜಾಗಗಳು ಬಹುಮಟ್ಟಿಗೆ ಊಹಿಸಬಹುದಾದವು. ಭಾರತದ ಪಠ್ಯಕ್ರಮದಲ್ಲಿ ಎಲೆಕ್ಟ್ರೋಥೆರಪಿಗೆ ಒಂದು ಇಡೀ ಪತ್ರಿಕೆಯ ಗೌರವವಿದೆ. ಶಾರ್ಟ್‌ವೇವ್ ಡಯಾಥರ್ಮಿಯ ಸರ್ಕ್ಯೂಟನ್ನು ಬಿಡಿಸಿ ಅಂಕ ಗಳಿಸಿದವರು ನಾವು. ಎನ್‌ಪಿಟಿಇಯಲ್ಲಿ ಈ ವಿಭಾಗಕ್ಕೆ ಸಿಗುವ ಪಾಲು ಸಣ್ಣದು, ಕೇಳುವುದೂ ಯಾವ ರೋಗಿಗೆ ಯಾವುದು ನಿಷಿದ್ಧ ಎಂಬುದನ್ನೇ. ವಾರಗಟ್ಟಲೆ ಅದರಲ್ಲಿ ಮುಳುಗಬೇಡಿ. ಉಳಿದ ಸಮಯವನ್ನು ಗಾಯಗಳ ಆರೈಕೆ, ಕೃತಕ ಕಾಲು, ಗಾಲಿಕುರ್ಚಿಯ ಅಳತೆ, ಪ್ರಯೋಗಾಲಯದ ಮೌಲ್ಯಗಳು, ಔಷಧಗಳ ಪರಿಣಾಮ ಇವುಗಳಿಗೆ ಕೊಡಿ. ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿರುವ ರೋಗಿಯ ವ್ಯಾಯಾಮದ ತೀವ್ರತೆಯನ್ನು ನಾಡಿಬಡಿತದಿಂದ ಅಳೆಯದೆ, ಆತನಿಗೇ ಎಷ್ಟು ಶ್ರಮವೆನಿಸುತ್ತದೆ ಎಂಬ ಬೋರ್ಗ್ ಮಾಪನದಿಂದ ಅಳೆಯಬೇಕು ಎಂಬಂಥ ಸಂಗತಿಗಳು ಹಲವು ರೂಪಗಳಲ್ಲಿ ಮರಳಿ ಬರುತ್ತವೆ.

ಔಷಧಗಳ ಹೆಸರನ್ನೂ ಹೊಸದಾಗಿ ಕಲಿಯಬೇಕು. ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೊಫೆನ್, ಸಾಲ್ಬುಟಮಾಲ್ ಆಲ್ಬುಟೆರಾಲ್, ಅಡ್ರಿನಲಿನ್ ಎಪಿನೆಫ್ರಿನ್. ತೂಕ ಪೌಂಡಿನಲ್ಲಿ, ಎತ್ತರ ಅಡಿ-ಅಂಗುಲದಲ್ಲಿ ಬಂದಾಗ ತಡವರಿಸಬಾರದು. (ಜ್ವರವನ್ನು ಫ್ಯಾರನ್‌ಹೀಟಿನಲ್ಲೇ ಅಳೆಯುವ ನಮಗೆ ಅದೊಂದು ತೊಡಕಿಲ್ಲ.) ಗಾಲಿಕುರ್ಚಿ ಹತ್ತುವ ಇಳಿಜಾರಿನ ಅನುಪಾತ 1:12 ಎಂಬುದು ಅಮೆರಿಕದ ಅಂಗವಿಕಲರ ಕಾಯಿದೆಯ ಮಾನದಂಡ, ಹೊಸ್ತಿಲು ನೆಲದಿಂದ 18 ಅಂಗುಲ ಎತ್ತರದಲ್ಲಿದ್ದರೆ 18 ಅಡಿ ಉದ್ದದ ಇಳಿಜಾರು ಬೇಕು. ಬಾಗಿಲಿನ ತೆರಪು ಕನಿಷ್ಠ 32 ಅಂಗುಲ. ನಮ್ಮ ಕಾಲೇಜುಗಳಲ್ಲಿ ಯಾರೂ ಒತ್ತಿ ಹೇಳದ ಈ ಅಂಕಿಗಳು ಅಲ್ಲಿ ದಿನನಿತ್ಯದ ಕೆಲಸದ ಭಾಗ.

ವೃತ್ತಿಜವಾಬ್ದಾರಿಯ ಪ್ರಶ್ನೆಗಳನ್ನು ಸಾಮಾನ್ಯ ಜ್ಞಾನವೆಂದು ಬಿಟ್ಟುಬಿಡುವವರು ಸುಲಭದ ಅಂಕಗಳನ್ನು ಕಳೆದುಕೊಳ್ಳುತ್ತಾರೆ. ಭಾರತದ ಆಸ್ಪತ್ರೆಗಳಲ್ಲಿ ಇಲ್ಲದ ಒಂದು ಹುದ್ದೆ ಅಲ್ಲಿದೆ: ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್. ಇವರು ಪರವಾನಗಿ ಹೊಂದಿದವರು, ಚಿಕಿತ್ಸೆ ಕೊಡಬಲ್ಲರು. ಆದರೆ ಮೊದಲ ಮೌಲ್ಯಮಾಪನ, ಚಿಕಿತ್ಸಾ ಯೋಜನೆಯ ರಚನೆ, ಬಿಡುಗಡೆಯ ನಿರ್ಧಾರ ಇವು ಥೆರಪಿಸ್ಟರದ್ದೇ. ಸಹಾಯಕರಾದ ಏಡ್‌ಗಳಿಗೆ ಇನ್ನೂ ಕಡಿಮೆ ಅಧಿಕಾರ. ನಾಲ್ವರು ರೋಗಿಗಳ ವಿವರ ಕೊಟ್ಟು ಯಾರನ್ನು ಅಸಿಸ್ಟೆಂಟ್‌ಗೆ ಒಪ್ಪಿಸಬಹುದು ಎಂದು ಕೇಳಿದಾಗ, ಸ್ಥಿತಿ ಸ್ಥಿರವಾಗಿರುವ, ಯೋಜನೆ ಈಗಾಗಲೇ ಸಿದ್ಧವಾಗಿರುವ ರೋಗಿಯನ್ನು ಹುಡುಕಬೇಕು. ರೋಗಿಯ ಗೌಪ್ಯತೆಗೆ ಸಂಬಂಧಿಸಿದ 1996ರ ಹಿಪಾ ಕಾಯಿದೆ, ಮಕ್ಕಳ ಮೇಲಿನ ದೌರ್ಜನ್ಯದ ಸಂಶಯ ಬಂದರೆ ವರದಿ ಮಾಡಲೇಬೇಕಾದ ಹೊಣೆ, ರೋಗಿ ಚಿಕಿತ್ಸೆಯನ್ನು ನಿರಾಕರಿಸುವ ಹಕ್ಕು ಇವನ್ನೂ ಮನನ ಮಾಡಿಕೊಳ್ಳಿ. ರೋಗಿ ಬೇಡವೆಂದರೆ ಮನೆಯವರನ್ನು ಕರೆದು ಒಪ್ಪಿಸುವುದು ನಮ್ಮಲ್ಲಿ ಕಾಳಜಿ ಎನಿಸಿಕೊಳ್ಳುತ್ತದೆ. ಆ ಉತ್ತರಕ್ಕೆ ಅಲ್ಲಿ ಅಂಕವಿಲ್ಲ.

ಪ್ರಶ್ನೆಯನ್ನು ಬಿಡಿಸುವ ಬಗೆ

ಒಂದು ಮಾದರಿಯನ್ನು ಹತ್ತಿರದಿಂದ ನೋಡೋಣ. ಎದೆಯ ನಾಲ್ಕನೆಯ ಕಶೇರುವಿನ ಮಟ್ಟದಲ್ಲಿ ಬೆನ್ನುಹುರಿಗೆ ಸಂಪೂರ್ಣ ಪೆಟ್ಟಾದ ರೋಗಿಯೊಬ್ಬ ಚಾಪೆಯ ಮೇಲೆ ಅಂಗಾತ ಮಲಗಿದ್ದಾನೆ, ಥೆರಪಿಸ್ಟ್ ಆತನ ತೊಡೆಯ ಹಿಂಭಾಗದ ಸ್ನಾಯುವನ್ನು ಎಳೆದು ಸಡಿಲಿಸುತ್ತಿದ್ದಾರೆ. ಇದ್ದಕ್ಕಿದ್ದಂತೆ ಆತನಿಗೆ ತಲೆ ಸಿಡಿಯುವಂಥ ನೋವು, ಮುಖ ಕೆಂಪೇರಿಕೆ, ಹಣೆಯಲ್ಲಿ ಬೆವರು. ರಕ್ತದೊತ್ತಡ 172/104, ನಾಡಿಬಡಿತ 52. ಮೊದಲು ಮಾಡಬೇಕಾದುದು ಯಾವುದು? ಕಾಲುಗಳನ್ನು ಎತ್ತಿ ಹಿಡಿಯುವುದು. ಎಬ್ಬಿಸಿ ಕೂರಿಸಿ ಮೂತ್ರದ ಕೊಳವೆ ಮಡಚಿಕೊಂಡಿದೆಯೇ ಎಂದು ನೋಡುವುದು. ವೈದ್ಯರಿಗೆ ಫೋನ್ ಮಾಡುವುದು. ಹತ್ತು ನಿಮಿಷ ವಿಶ್ರಾಂತಿ ಕೊಟ್ಟು ರಕ್ತದೊತ್ತಡವನ್ನು ಮತ್ತೆ ಅಳೆಯುವುದು.

ಆರನೆಯ ಎದೆ ಕಶೇರು ಅಥವಾ ಅದಕ್ಕಿಂತ ಮೇಲಿನ ಪೆಟ್ಟು, ಏರಿದ ರಕ್ತದೊತ್ತಡ, ಇಳಿದ ನಾಡಿಬಡಿತ ಇವು ಸೇರಿದರೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ (ಪೆಟ್ಟಿನ ಕೆಳಗಿನ ಯಾವುದೋ ಪ್ರಚೋದನೆಯಿಂದ ರಕ್ತದೊತ್ತಡ ಅಪಾಯಕಾರಿಯಾಗಿ ಏರುವ ಸ್ಥಿತಿ) ಎಂಬುದು ಬಿಪಿಟಿಯ ವಿದ್ಯಾರ್ಥಿಗೂ ಗೊತ್ತು. ಆದರೆ ಗುರುತಿಸಿದ ಮಾತ್ರಕ್ಕೆ ಅಂಕ ಬರುವುದಿಲ್ಲ. ಕಾಲೆತ್ತುವುದು ರಕ್ತದೊತ್ತಡ ಕುಸಿದಾಗಿನ ಉಪಾಯ, ಇಲ್ಲಿ ಅಪಾಯಕಾರಿ. ಹತ್ತು ನಿಮಿಷ ಕಾಯುವುದು ಮಿದುಳಿನ ರಕ್ತಸ್ರಾವಕ್ಕೆ ದಾರಿ ಮಾಡಿಕೊಟ್ಟಂತೆ. ವೈದ್ಯರಿಗೆ ಫೋನ್ ಮಾಡುವುದು ತಪ್ಪೇನಲ್ಲ, ಆದರೆ 'ಮೊದಲು' ಅದಲ್ಲ. ಎಬ್ಬಿಸಿ ಕೂರಿಸಿದರೆ ರಕ್ತದೊತ್ತಡ ತಕ್ಷಣವೇ ಇಳಿಯಲಾರಂಭಿಸುತ್ತದೆ, ಕೊಳವೆಯ ತಡೆ ಸರಿಪಡಿಸಿದರೆ ಕಾರಣವೇ ಹೋಗುತ್ತದೆ. ಹಿರಿಯ ವೈದ್ಯರ ಮಾತಿಗಾಗಿ ಕಾಯುವುದನ್ನೇ ವಿನಯವೆಂದು ಕಲಿತವರು ಮೂರನೆಯ ಉತ್ತರವನ್ನು ಆರಿಸಿಕೊಳ್ಳುತ್ತಾರೆ. ಕೈಗೆಟುಕುವ ಸುರಕ್ಷಿತ ಕ್ರಮ ಬಾಕಿ ಇರುವಾಗ ಜವಾಬ್ದಾರಿಯನ್ನು ದಾಟಿಸುವ ಉತ್ತರ ಸಾಮಾನ್ಯವಾಗಿ ಸರಿಯಾಗುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಪ್ರಶ್ನೆಗಳೂ ಬರುತ್ತವೆ. ಕಣಕಾಲಿನ ಒಳಬದಿಯಲ್ಲಿ ಗಾಯ, ಕಾಲಿನಲ್ಲಿ ಬಾವು ಎಂದೊಡನೆ ಅಭಿಧಮನಿಯ ಹುಣ್ಣೆಂದು ಭಾವಿಸಿ ಬಿಗಿಪಟ್ಟಿ ಕಟ್ಟುವ ಉತ್ತರದತ್ತ ಕೈ ಹೋಗುತ್ತದೆ. ಅದೇ ವಿವರದಲ್ಲಿ ಕಣಕಾಲಿನ ಸಂಕೋಚನ ರಕ್ತದೊತ್ತಡ 72, ತೋಳಿನದು 144 ಎಂದಿದ್ದರೆ? ಭಾಗಿಸಿದಾಗ ಕಣಕಾಲು-ತೋಳಿನ ಸೂಚ್ಯಂಕ 0.5. ಅಷ್ಟು ಕಡಿಮೆ ರಕ್ತ ಹರಿಯುವ ಕಾಲಿಗೆ ಬಿಗಿಪಟ್ಟಿ ಕಟ್ಟಬಾರದು. ಇಲ್ಲಿ ವೈದ್ಯರ ಬಳಿಗೆ ಕಳಿಸುವುದೇ ಸರಿ. ಸೂಚ್ಯಂಕ 1.4ನ್ನು ಮೀರಿದರೆ ಅದು ಆರೋಗ್ಯದ ಗುರುತಲ್ಲ. ಮಧುಮೇಹಿಗಳ ಗಟ್ಟಿಯಾದ ರಕ್ತನಾಳವನ್ನು ಅದುಮಲಾಗದೆ ಬಂದ ಅಂಕಿ. ಪ್ರಶ್ನೆಯ ಮಧ್ಯದಲ್ಲಿ ಸುಮ್ಮನೆ ಕುಳಿತಿರುವ ಇಂಥ ಒಂದೆರಡು ಅಂಕಿಗಳೇ ಉತ್ತರವನ್ನು ತಿರುಗಿಸುವುದರಿಂದ, ಕೊನೆಯ ವಾಕ್ಯವನ್ನು ಮೊದಲು ಓದಿ, ಏನು ಕೇಳುತ್ತಿದ್ದಾರೆಂದು ತಿಳಿದುಕೊಂಡು, ಆಮೇಲೆ ವಿವರಕ್ಕೆ ಬರುವುದು ಒಳ್ಳೆಯದು.

ಓದಿನ ವೇಳಾಪಟ್ಟಿ

ಕೆಲಸ ಅಥವಾ ಮನೆಯ ಹೊಣೆ ಇರುವವರಿಗೆ ಆರು ತಿಂಗಳು, ಪೂರ್ಣಾವಧಿ ಓದುವವರಿಗೆ ಮೂರರಿಂದ ನಾಲ್ಕು ತಿಂಗಳು ಸಾಕಾಗುತ್ತದೆ. ಅದಕ್ಕಿಂತ ಉದ್ದಕ್ಕೆ ಎಳೆದರೆ ಮೊದಲು ಓದಿದ್ದು ಮರೆಯುವ ವೇಗವೇ ಹೆಚ್ಚಾಗುತ್ತದೆ. ಮೊದಲ ವಾರದಲ್ಲೇ, ಏನೂ ಓದದೆ, ಒಂದು ಪೂರ್ಣ ಅಣಕು ಪರೀಕ್ಷೆ ಬರೆದುಬಿಡಿ. ಅಂಕ ಕಡಿಮೆ ಬರುವುದು ಸಹಜ. ಯಾವ ವಿಭಾಗ ಎಷ್ಟು ಹಿಂದಿದೆ ಎಂಬ ಮಾಹಿತಿಗಾಗಿ ಅದು ಬೇಕು. ನಂತರ ಒಂದೊಂದು ಅಂಗವ್ಯೂಹವನ್ನು ಹಿಡಿದು, ಬೆಳಿಗ್ಗೆ ಓದಿದ್ದರ ಮೇಲೆ ಸಂಜೆ ನಲವತ್ತು-ಐವತ್ತು ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ.

ಪ್ರಶ್ನೆ ಬಿಡಿಸುವುದಕ್ಕಿಂತ ಅದನ್ನು ಪರಾಮರ್ಶಿಸುವುದಕ್ಕೆ ಎರಡು ಪಟ್ಟು ಸಮಯ ಹಿಡಿಯಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ತಪ್ಪಾದ ಪ್ರತಿಯೊಂದು ಪ್ರಶ್ನೆಗೂ ಒಂದೇ ಸಾಲು ಬರೆಯಿರಿ: ವಿಷಯ ಗೊತ್ತಿರಲಿಲ್ಲವೇ, ಗೊತ್ತಿದ್ದೂ 'ಹೊರತು' ಎಂಬ ಪದವನ್ನು ಗಮನಿಸಲಿಲ್ಲವೇ, ಎರಡು ಉತ್ತರಗಳ ನಡುವೆ ತೂಗಿ ತಪ್ಪನ್ನು ಆರಿಸಿದಿರೇ. ತಿಂಗಳ ಕೊನೆಗೆ ಆ ಪುಟಗಳನ್ನು ತಿರುವಿದರೆ, ಓದಬೇಕಾದ ಅಧ್ಯಾಯಕ್ಕಿಂತ ಬಿಡಬೇಕಾದ ಅಭ್ಯಾಸ ಕಣ್ಣಿಗೆ ಬೀಳುತ್ತದೆ. ಅದೃಷ್ಟದಿಂದ ಸರಿಯಾದ ಉತ್ತರಗಳನ್ನೂ ಇದೇ ಪುಸ್ತಕಕ್ಕೆ ಸೇರಿಸಿ.

ಎಫ್‌ಎಸ್‌ಬಿಪಿಟಿಯೇ ಮಾರುವ ಪೀಟ್ ಎಂಬ ಅಭ್ಯಾಸ ಪರೀಕ್ಷೆ ನಿಜವಾದ ಪರೀಕ್ಷೆಗೆ ಅತ್ಯಂತ ಹತ್ತಿರವಾದುದು, ಹಿಂದೆ ಬಳಸಿ ನಿವೃತ್ತಗೊಳಿಸಿದ ಪ್ರಶ್ನೆಗಳೂ ಅದರಲ್ಲಿವೆ. ಅದನ್ನು ಆರಂಭದಲ್ಲೇ ಖರ್ಚು ಮಾಡಿಬಿಡಬೇಡಿ, ಕೊನೆಯ ಮೂರು ವಾರಕ್ಕೆ ಉಳಿಸಿಕೊಳ್ಳಿ. ಖಾಸಗಿ ಕೋಚಿಂಗ್‌ನ ಅಣಕು ಪರೀಕ್ಷೆಗಳು ಬೇಕೆಂದೇ ಕಠಿಣವಾಗಿರುವುದುಂಟು, ಅವುಗಳ ಅಂಕ ನೋಡಿ ಪರೀಕ್ಷೆಯನ್ನು ಮುಂದೂಡುವ ಅವಸರ ಬೇಡ.

ವಾಟ್ಸಾಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಹಿಂದಿನ ಪರೀಕ್ಷೆಯಲ್ಲಿ ಬಂದಿದ್ದವು ಎಂದು ಹಂಚಿಕೊಳ್ಳುವ ಪ್ರಶ್ನೆಗಳಿಂದ ದೂರವಿರಿ. ಇದರ ಹಿಂದೆ ಒಂದು ಕಹಿ ಇತಿಹಾಸವಿದೆ. 2010ರ ಜುಲೈನಲ್ಲಿ ಎಫ್‌ಎಸ್‌ಬಿಪಿಟಿಯು ಭಾರತ, ಪಾಕಿಸ್ತಾನ, ಈಜಿಪ್ಟ್ ಮತ್ತು ಫಿಲಿಪೈನ್ಸ್‌ನ ಎಲ್ಲ ಪದವೀಧರರಿಗೂ ಪರೀಕ್ಷೆಯನ್ನು ಅಮಾನತುಗೊಳಿಸಿತು. ನೆನಪಿಟ್ಟುಕೊಂಡು ಬಂದ ಪ್ರಶ್ನೆಗಳ ವ್ಯಾಪಕ ಹಂಚಿಕೆ ಅದಕ್ಕೆ ಕೊಟ್ಟ ಕಾರಣ. ಕೆಲವರ ಕೃತ್ಯಕ್ಕೆ ಪ್ರಾಮಾಣಿಕವಾಗಿ ಓದುತ್ತಿದ್ದ ಸಾವಿರಾರು ಮಂದಿ ಕಾಯಬೇಕಾಯಿತು. ವರ್ಷವಿಡೀ ಬೇಕಾದ ದಿನ ಬರೆಯಬಹುದಾಗಿದ್ದ ಪರೀಕ್ಷೆ ಮರುವರ್ಷದಿಂದ ನಿಗದಿತ ದಿನಗಳಿಗೆ ಸೀಮಿತವಾಯಿತು. ಇಂದಿಗೂ ಪ್ರಶ್ನೆ ಹಂಚುವುದಷ್ಟೇ ಅಲ್ಲ, ಕೇಳಿ ಪಡೆಯುವುದೂ ನಿಯಮಭಂಗ. ತೇರ್ಗಡೆಯಾದ ಮೇಲೂ ಅಂಕ ರದ್ದಾಗಬಹುದು.

ಪರೀಕ್ಷೆಯ ದಿನ ಮತ್ತು ಅನಂತರ

ನೋಂದಣಿಯ ಗಡುವು ಪರೀಕ್ಷೆಗೆ ಹಲವು ವಾರ ಮೊದಲೇ ಮುಗಿಯುತ್ತದೆ, ಹತ್ತಿರದ ಕೇಂದ್ರದ ಆಸನಗಳು ಅದಕ್ಕಿಂತ ಮುಂಚೆ ತುಂಬುತ್ತವೆ. ಭಾರತದಿಂದ ಹೋಗುವವರು ಕನಿಷ್ಠ ಒಂದು ವಾರ ಮೊದಲು ತಲುಪಬೇಕು. ಒಂಬತ್ತೂವರೆ ಗಂಟೆ ಅಥವಾ ಅದಕ್ಕೂ ಹೆಚ್ಚಿನ ಕಾಲವ್ಯತ್ಯಾಸದಲ್ಲಿ, ಬೆಂಗಳೂರಿನ ನಡುರಾತ್ರಿಯ ಹೊತ್ತಿಗೆ ಸರಿಯಾಗಿ ಐದು ಗಂಟೆ ಕೂತು ಯೋಚಿಸಲು ದೇಹ ಒಪ್ಪುವುದಿಲ್ಲ. ಪ್ರತಿ ಭಾಗಕ್ಕೆ ಒಂದು ಗಂಟೆ ಎಂದು ಲೆಕ್ಕ ಇಟ್ಟುಕೊಳ್ಳಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ತೇರ್ಗಡೆಯಾಗದಿದ್ದರೆ ಎಫ್‌ಎಸ್‌ಬಿಪಿಟಿಯಿಂದ ವಿಭಾಗವಾರು ಸಾಧನೆಯ ವರದಿಯನ್ನು ಪಡೆಯಬಹುದು. 580-590ರ ಆಸುಪಾಸಿನಲ್ಲಿ ನಿಂತವರಿಗೆ ಬೇಕಾಗುವುದು ಮೊದಲಿನಿಂದ ಓದುವುದಲ್ಲ, ಹಿಂದುಳಿದ ಒಂದೆರಡು ವಿಭಾಗಗಳ ದುರಸ್ತಿ. ಅವರು ಮುಂದಿನ ದಿನಾಂಕಕ್ಕೇ ಕೂರಬಹುದು. 500ಕ್ಕೂ ಕೆಳಗಿದ್ದವರು ಮಾತ್ರ ಒಂದು ಅವಧಿಯನ್ನು ಬಿಟ್ಟು ಕೂರುವುದು ಜಾಣತನ.

ತೇರ್ಗಡೆಯಾದವರಿಗೂ ಕಾಗದಪತ್ರ ಮುಗಿದಿರುವುದಿಲ್ಲ. ಟೆಕ್ಸಾಸ್, ಕ್ಯಾಲಿಫೋರ್ನಿಯದಂಥ ರಾಜ್ಯಗಳು ತಮ್ಮ ಕಾನೂನಿನ ಮೇಲೆ ಪ್ರತ್ಯೇಕ ಪರೀಕ್ಷೆಯನ್ನು ಕೇಳುತ್ತವೆ. ಬೆರಳಚ್ಚು ಮತ್ತು ಹಿನ್ನೆಲೆ ತಪಾಸಣೆಯನ್ನು ಅನೇಕ ರಾಜ್ಯಗಳು ಮಾಡಿಸುತ್ತವೆ. ಕೆಲಸದ ವೀಸಾ ಅಥವಾ ಗ್ರೀನ್ ಕಾರ್ಡಿಗೆ ಆರೋಗ್ಯ ಕಾರ್ಯಕರ್ತರ ಪ್ರಮಾಣಪತ್ರ ಬೇರೆ ಬೇಕು, ಅದಕ್ಕಾಗಿ ಎಫ್‌ಸಿಸಿಪಿಟಿಯ ಟೈಪ್-1 ಪರಿಶೀಲನೆಯನ್ನು ಮೊದಲೇ ಆರಿಸಿಕೊಂಡಿದ್ದರೆ ಎರಡನೆಯ ಸಲ ಶುಲ್ಕ ಕಟ್ಟುವುದು ತಪ್ಪುತ್ತದೆ. ಫಿಸಿಕಲ್ ಥೆರಪಿಸ್ಟರು ನರ್ಸ್‌ಗಳ ಜೊತೆ ಶೆಡ್ಯೂಲ್-ಎ ಪಟ್ಟಿಯಲ್ಲಿರುವುದರಿಂದ ಗ್ರೀನ್ ಕಾರ್ಡಿಗೆ ಉದ್ಯೋಗದಾತರು ಕಾರ್ಮಿಕ ಇಲಾಖೆಯ ಪ್ರಮಾಣೀಕರಣದ ದೀರ್ಘ ಹಂತವನ್ನು ದಾಟಬೇಕಿಲ್ಲ, ಆದರೆ ಭಾರತೀಯರ ಸರದಿಯ ಸಾಲು ಹಾಗೆಯೇ ಉಳಿಯುತ್ತದೆ. ಎಚ್-4ನಲ್ಲಿರುವವರು ಪರವಾನಗಿ ಕೈಗೆ ಬಂದರೂ ಉದ್ಯೋಗ ಅನುಮತಿ ಇಲ್ಲದೆ ಸಂಬಳದ ಕೆಲಸಕ್ಕೆ ಸೇರುವಂತಿಲ್ಲ. ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಉದ್ಯೋಗದಾತರು ಸಲ್ಲಿಸುವ ಅರ್ಜಿ) ಮಂಜೂರಾಗಿದ್ದರೆ 2015ರಿಂದ ಜಾರಿಯಲ್ಲಿರುವ ಇಎಡಿ ಎಂಬ ಉದ್ಯೋಗ ಅನುಮತಿ ಪತ್ರಕ್ಕೆ ಅರ್ಜಿ ಹಾಕಬಹುದು, ಇಲ್ಲವಾದರೆ ಉದ್ಯೋಗದಾತರೇ ನಿಮ್ಮ ಹೆಸರಿನಲ್ಲಿ ವೀಸಾಕ್ಕೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಪರೀಕ್ಷೆಗೆ ಓದುತ್ತಿರುವಾಗಲೇ ಇಂಥ ಉದ್ಯೋಗದಾತರೊಂದಿಗೆ ಮಾತು ಆರಂಭಿಸಲು ಅಡ್ಡಿಯಿಲ್ಲ. ಗ್ರಾಮೀಣ ಆಸ್ಪತ್ರೆಗಳು ಮತ್ತು ವೃದ್ಧರ ಆರೈಕೆ ಕೇಂದ್ರಗಳು ಇದಕ್ಕೆ ಹೆಚ್ಚು ಒಲವು ತೋರುತ್ತವೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಎಷ್ಟು ವರ್ಷ ಅಲ್ಲೇ ಇರಬೇಕು ಮತ್ತು ನಡುವೆ ಬಿಟ್ಟರೆ ಎಷ್ಟು ಹಣ ತೆರಬೇಕು ಎಂಬ ಎರಡು ಷರತ್ತುಗಳನ್ನು ವಕೀಲರೊಬ್ಬರಿಂದ ಓದಿಸಿಕೊಳ್ಳಿ.